ನಿವೃತ್ತಿ ಆದ ಮೇಲೆ ಕ್ಯಾಂಪರ್ ವ್ಯಾನ್‌ನಲ್ಲಿ ನಂಟರು, ಹಳೇ ಗೆಳೆಯರ ಊರು ಸುತ್ತೋಣ ಅಂತ ಇದ್ದೇವೆ, ಸಲಹೆ ಬೇಕು

ಕ್ಯಾತ್ಸಂದ್ರದವ
ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಮನೆಯವರು ಇಬ್ಬರೇ ತುಮಕೂರಿನಲ್ಲಿದ್ದೇವೆ. ನನಗೆ 66, ಅವರಿಗೆ 61. ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವನು ನಾನು. 2016ರಲ್ಲಿ ಮುಚ್ಚಿದ ಮೇಲೆ ಜೊತೆಗಿದ್ದವರೆಲ್ಲ ಅವರವರ ಊರು ಸೇರಿದರು. ಒಬ್ಬರು ತಿಪಟೂರಿನ ಹತ್ತಿರ ತೋಟ ಮಾಡಿಕೊಂಡಿದ್ದಾರೆ, ಒಬ್ಬರು ಚಿಂತಾಮಣಿ, ಒಬ್ಬರು ಕೆಜಿಎಫ್. ಮನೆಯವರ ಅಕ್ಕ ಗೌರಿಬಿದನೂರಿನಲ್ಲಿದ್ದಾರೆ, ನನ್ನ ತಂಗಿ ಶಿರಾದಲ್ಲಿ. ಮದುವೆ ಮನೆಯಲ್ಲಿ ನೋಡಿದರೆ ನೋಡಿದ ಹಾಗೆ, ಇಲ್ಲದಿದ್ದರೆ ಇಲ್ಲ. ಕೈಕಾಲು ಗಟ್ಟಿ ಇರುವಾಗಲೇ ಎಲ್ಲರ ಮನೆಗೂ ಹೋಗಿ ನಿಧಾನವಾಗಿ ಮಾತಾಡಿಕೊಂಡು ಬರಬೇಕು ಅನ್ನೋದು ನಮ್ಮಿಬ್ಬರ ಆಸೆ.

ಮನೆಯವರಿಗೆ ಮಂಡಿ ಆಪರೇಷನ್ ಆಗಿದೆ. ಕೆಳಗೆ ಕೂರೋಕೆ ಆಗಲ್ಲ, ಮೆಟ್ಟಿಲು ಕಷ್ಟ. ಅದಕ್ಕೇ ಮಂಚ, ಕಮೋಡ್, ಚಿಕ್ಕ ಅಡುಗೆಮನೆ ಇರುವ ಗಾಡಿ ಯೋಚನೆ. ಕೊಳ್ಳೋದಾ, ಬಾಡಿಗೆಗೆ ತಗೊಳ್ಳೋದಾ? ಕಾರಿನ ಲೈಸೆನ್ಸ್ ಸಾಕಾ? ರಾತ್ರಿ ಎಲ್ಲಿ ನಿಲ್ಲಿಸೋದು? ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೀತಿದೆ. ನಂಟರ ಊರಿಗೆ ಹೋಗಿ ಅವರ ಮನೆಯಲ್ಲಿ ಮಲಗದೆ ಬಾಗಿಲ ಮುಂದೆ ಗಾಡಿಯಲ್ಲಿ ಮಲಗಿದರೆ ಅವರು ಏನಂದುಕೊಳ್ಳುತ್ತಾರೆ?

ಕೆಎ-64 ಮಧುಗಿರಿ
ಸರ್, ಒಳ್ಳೆಯ ಯೋಚನೆ. ಮೊದಲು ಹೊರಡಿ, ಉಳಿದದ್ದು ದಾರಿಯಲ್ಲಿ ಸರಿಹೋಗುತ್ತೆ.

ಲೆಕ್ಕದ ಮೇಷ್ಟ್ರು
ಸರ್, ಆಸೆಗೆ ಅಡ್ಡ ಬರ್ತಿಲ್ಲ, ಆದರೆ ಲೆಕ್ಕ ನೋಡಿ. ಹೊಸ ಟಿಟಿ (ಟೆಂಪೋ ಟ್ರಾವೆಲರ್) ತಗೊಂಡು ಒಳಗೆ ಎಲ್ಲಾ ಕಟ್ಟಿಸಿದರೆ 20 ಲಕ್ಷ ದಾಟೋದು ಸುಲಭ. ಆ 20 ಲಕ್ಷವನ್ನು ಶೇ. 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 1.4 ಲಕ್ಷ ಬರುತ್ತದೆ. ರಾತ್ರಿಗೆ 2,000 ರೂಪಾಯಿ ಲಾಡ್ಜ್ ಅಂದರೂ 70 ರಾತ್ರಿ. ಅಸಲು ಹಾಗೇ ಇರುತ್ತೆ. ಇರೋ ಕಾರಿನಲ್ಲಿ ಹೋಗಿ, ಕಮೋಡ್ ಇರುವ ರೂಮ್ ಮಾಡಿ. ವರ್ಷಕ್ಕೆ ಎರಡು ತಿಂಗಳು ಓಡಿಸಿ ಹತ್ತು ತಿಂಗಳು ಮನೆ ಮುಂದೆ ನಿಲ್ಲಿಸೋ ಗಾಡಿಗೆ ಯಾಕೆ ಅಷ್ಟು ದುಡ್ಡು?

ಶಿರಾ ಗೇಟ್
ಮೇಷ್ಟ್ರೇ, ಹುಳಿಯಾರು, ಮಂಚೇನಹಳ್ಳಿ ಕಡೆ ಮಂಡಿ ನೋವಿನವರಿಗೆ ಸರಿಹೋಗುವ ರೂಮ್ ಹುಡುಕಿ ನೋಡಿ ಆಮೇಲೆ ಹೇಳಿ. ಜಿಲ್ಲಾ ಕೇಂದ್ರದಲ್ಲಿ ಸಿಗುತ್ತೆ, ಸರಿ. ಊರಿನ ಕಡೆ ಲಾಡ್ಜ್ ಅಂದರೆ ಎರಡನೇ ಮಹಡಿ, ಲಿಫ್ಟ್ ಇರಲ್ಲ. ಗೆಳೆಯರ ಮನೆಯಲ್ಲಿ ರಾತ್ರಿ ಹತ್ತರವರೆಗೆ ಮಾತಾಡಿ ಆಮೇಲೆ 30 ಕಿಲೋಮೀಟರ್ ಲಾಡ್ಜ್‌ಗೆ ಓಡಿಸಬೇಕು. 66 ವಯಸ್ಸಿನಲ್ಲಿ ರಾತ್ರಿ ಡ್ರೈವಿಂಗ್ ಬೇಕಾ?

ಕೋಲಾರದ ಹುಡುಗ
ಲೈಸೆನ್ಸ್ ಬಗ್ಗೆ ಹೇಳ್ತೀನಿ. ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನ, ಒಟ್ಟು ತೂಕ 7,500 ಕೆ.ಜಿ. ವರೆಗೆ. ಟಿಟಿ ಅದರೊಳಗೇ ಬರುತ್ತೆ. ಎಲ್‌ಎಂವಿ ಲೈಸೆನ್ಸ್ ಇದ್ದರೆ ಆ ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ. ನಿಮಗೆ ಚಿಂತೆ ಇಲ್ಲ. ಆದರೆ 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ನವೀಕರಣ ಆಗೋದು, ಡಾಕ್ಟರ ಸರ್ಟಿಫಿಕೇಟೂ ಬೇಕು. ನಿಮ್ಮದು ಯಾವಾಗ ಮುಗಿಯುತ್ತೆ ಅಂತ ಇವತ್ತೇ ತೆಗೆದು ನೋಡಿ ಅಣ್ಣ.

ಗ್ಯಾರೇಜ್ ಹತ್ತಿರದವ
ಹಳೇ ಟಿಟಿ ಒಂದು ತಗೊಳ್ಳಿ ಸರ್. ಇಲ್ಲೇ ಶೆಡ್‌ನಲ್ಲಿ ಬಾಡಿ ಕಟ್ಟೋರು ಇದ್ದಾರೆ. ಸೀಟು ಕಿತ್ತು ಮಂಚ, ಸಿಂಕು ಹಾಕಿಸಿದರೆ ಅರ್ಧ ದುಡ್ಡಿಗೆ ಆಗುತ್ತೆ.

ಕೋಲಾರದ ಹುಡುಗ
@ಗ್ಯಾರೇಜ್ ಹತ್ತಿರದವ, ಇದು ಅಪಾಯದ ಸಲಹೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಗಾಡಿಯ ಮೂಲ ವಿವರ ಬದಲಾಗೋ ಹಾಗೆ ಮಾರ್ಪಾಡು ಮಾಡಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅನ್ನೋ ಮಾನದಂಡ ಬೇರೆ ಇದೆ. ಅದರ ಪ್ರಕಾರ ಒಪ್ಪಿಗೆ ಪಡೆದವರ ಹತ್ತಿರ ಮಾಡಿಸಿ, ಆರ್‌ಸಿಯಲ್ಲೇ ಕ್ಯಾಂಪರ್ ವ್ಯಾನ್ ಅಂತ ಬರೆಸಬೇಕು. ಆರ್‌ಸಿಯಲ್ಲಿ 12 ಸೀಟು, ಒಳಗೆ ಮಂಚ ಮತ್ತು ಗ್ಯಾಸ್ ಇದ್ದು ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ವಯಸ್ಸಾದವರಿಗೆ ಆ ತಲೆನೋವು ಯಾಕೆ?

ಇನ್ನೊಂದು. ಸ್ವಂತಕ್ಕೆ ಬಳಸುವ ಕ್ಯಾಂಪರ್ ವ್ಯಾನ್ ಖಾಸಗಿ ವಾಹನಗಳ ಪಟ್ಟಿಯಲ್ಲೇ ಇದೆ, ಬಿಳಿ ಬೋರ್ಡ್ ಸಿಗುತ್ತೆ. ಬಾಡಿಗೆಗೆ ಬಿಡುವುದಾದರೆ ಬೇರೆ. ನೀವೇ ಓಡಿಸೋಕೆ ಬಾಡಿಗೆಗೆ ತಗೊಂಡರೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇರಬೇಕು. ಯಾರದ್ದೋ ಬಿಳಿ ಬೋರ್ಡ್ ಗಾಡಿ ‘ಬಾಡಿಗೆಗೆ ಕೊಡ್ತೀವಿ’ ಅಂದರೆ ಬೇಡ ಅನ್ನಿ.

ಗ್ಯಾರೇಜ್ ಹತ್ತಿರದವ
ಊರಲ್ಲಿ ಎಷ್ಟೋ ಜನ ಮಾಡಿಸಿಕೊಂಡಿದ್ದಾರೆ, ಯಾರೂ ಹಿಡಿದಿಲ್ಲ.

ಕೋಲಾರದ ಹುಡುಗ
ಹಿಡಿಯೋದು ಅಪಘಾತ ಆದ ದಿನ.

ಗೌರಿಬಿದನೂರು ಮಗಳು
ಗಾಡಿ ವಿಷಯ ಗಂಡಸರು ನೋಡಿಕೊಳ್ಳಲಿ. ನಾನು ಕೊನೆಯ ಪ್ರಶ್ನೆಗೆ ಬರ್ತೀನಿ. ಸರ್, ಬೇಜಾರು ಮಾಡಿಕೊಳ್ಳುತ್ತಾರೆ, ಖಂಡಿತ. ಹೋದ ವರ್ಷ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಇದೇ ಥರ ಗಾಡಿಯಲ್ಲಿ ಬಂದರು. ನಮ್ಮಮ್ಮ ಹಾಸಿಗೆ ಒಗೆದು, ರೂಮ್ ಗುಡಿಸಿ, ಸೊಳ್ಳೆ ಪರದೆ ಕಟ್ಟಿ ಕಾಯ್ತಿದ್ದರು. ಅವರು ಊಟ ಮಾಡಿ ‘ನಾವು ಗಾಡಿಯಲ್ಲೇ ಮಲಗ್ತೀವಿ’ ಅಂತ ಎದ್ದರು. ಅಮ್ಮ ಏನೂ ಅನ್ನಲಿಲ್ಲ. ಬೆಳಗ್ಗೆ ಎದುರುಮನೆಯವರು ‘ಏನು, ಮನಸ್ತಾಪಾನಾ?’ ಅಂತ ಕೇಳಿದರು. ಅಮ್ಮ ಇವತ್ತಿಗೂ ಅದನ್ನು ಹೇಳಿ ಕಣ್ಣೀರು ಹಾಕುತ್ತಾರೆ. ಮನೆಗೆ ಬಂದವರು ನಮ್ಮ ಸೂರಿನ ಕೆಳಗೆ ಮಲಗಬೇಕು. ಅದು ನಮ್ಮ ಕಡೆ ರೂಢಿ, ಅದನ್ನು ಮುರಿಯೋಕೆ ಹೋಗಬೇಡಿ.

ಕೆಜಿಎಫ್ ಮಾರಿಕುಪ್ಪಂ
ಅಕ್ಕಾ, ನಿಮ್ಮ ಮನೆಯಲ್ಲಿ ರೂಮ್ ಇದೆ, ಅದಕ್ಕೆ ಹಾಗೆ ಹೇಳ್ತೀರಿ. ನಮ್ಮ ಕಡೆಯ ಮನೆ ನೋಡಿದ್ದೀರಾ? ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಗಣಿ ಕಾರ್ಮಿಕರ ಸಾಲು ಮನೆ, ಅದೇ ಲೈನ್ ಮನೆಗಳು, ಹಾಗೇ ಇವೆ. ಒಂದು ರೂಮು, ಒಂದು ಅಡುಗೆಮನೆ. ಅದರಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಮಕ್ಕಳು. ಎಷ್ಟೋ ಮನೆಯವರಿಗೆ ಹೊರಗೆ ಸಾಲಾಗಿರುವ ಕಕ್ಕಸೇ ಗತಿ. ಯಾರಾದರೂ ದೊಡ್ಡವರು ಬರ್ತೀವಿ ಅಂದರೆ ಅಪ್ಪನಿಗೆ ಸಂತೋಷಕ್ಕಿಂತ ಸಂಕಟವೇ ಜಾಸ್ತಿ. ಎಲ್ಲಿ ಮಲಗಿಸೋದು, ಬೆಳಗ್ಗೆ ಎಲ್ಲಿಗೆ ಕಳಿಸೋದು? ಎಷ್ಟೋ ಹಳೇ ಸ್ನೇಹಿತರನ್ನು ಅಪ್ಪ ಇದೇ ಕಾರಣಕ್ಕೆ ‘ಈ ಸಲ ಬೇಡ, ಇನ್ನೊಮ್ಮೆ ಬನ್ನಿ’ ಅಂತ ತಪ್ಪಿಸಿದ್ದಾರೆ. ಅವರೇ ಮಂಚ, ಕಮೋಡ್ ಜೊತೆಗೆ ತಂದರೆ ಅಪ್ಪ ಎರಡು ದಿನ ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದರು.

ತುಮಕೂರು ಸರ್, ನಿಮ್ಮ ಗೆಳೆಯರ ಮನೆ ಹೇಗಿದೆಯೋ ಗೊತ್ತಿಲ್ಲ. ಗಾಡಿ ಇದೆ ಅಂತ ಮೊದಲೇ ಹೇಳಿ. ಅವರ ದನಿ ಹಗುರ ಆಗುತ್ತೋ ಇಲ್ಲವೋ ಕೇಳಿಸಿಕೊಳ್ಳಿ. ಲೈನ್ ಮನೆಗಳ ಗಲ್ಲಿ ಕಿರಿದು, ಟಿಟಿ ಒಳಗೆ ಬರಲ್ಲ. ಹತ್ತಿರದ ಮೈದಾನದಲ್ಲಿ ನಿಲ್ಲಿಸಬೇಕು.

ಗೌರಿಬಿದನೂರು ಮಗಳು
ನಿಮ್ಮ ಮಾತು ಸರಿ. ಜಾಗ ಇಲ್ಲದ ಮನೆಗೆ ಅದು ಬೇರೆ. ಜಾಗ ಇದ್ದೂ ಹಾಸಿಗೆ ಹಾಸಿದ ಮನೆಯ ಬಗ್ಗೆ ನಾನು ಹೇಳಿದ್ದು.

ಸಿದ್ಧಗಂಗೆ ದಾರಿ
ನಮ್ಮ ತಾತ ಶಿವರಾತ್ರಿಗೆ ಸಿದ್ಧಗಂಗೆ ದನಗಳ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಗಾಡಿ ಕೆಳಗೇ ಹುಲ್ಲು ಹಾಸಿ ಮಲಗೋದು, ಮೂರು ಕಲ್ಲಿಟ್ಟು ಮುದ್ದೆ ಮಾಡೋದು. ದಾರಿಯಲ್ಲಿ ನಂಟರ ಊರು ಬಂದರೆ ಎತ್ತಿಗೆ ನೀರು ಕುಡಿಸಿ, ಜಗಲಿ ಮೇಲೆ ಕೂತು ಮಾತಾಡಿ, ರಾತ್ರಿ ಗಾಡಿ ಹತ್ತಿರ ಬಂದು ಮಲಗುತ್ತಿದ್ದರಂತೆ, ಎತ್ತು ಬಿಟ್ಟು ಇರೋ ಹಾಗಿರಲಿಲ್ಲ. ಯಾವ ನಂಟರೂ ಅದಕ್ಕೆ ಮುನಿಸಿಕೊಳ್ಳಲಿಲ್ಲ. ಇವತ್ತು ಯಾಕೆ ಮುನಿಸು?

ಲೆಕ್ಕದ ಮೇಷ್ಟ್ರು
ಆ ಗಾಡಿಗೆ ಇನ್ಶೂರೆನ್ಸ್, ಡೀಸೆಲ್ ಇರಲಿಲ್ಲ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕೊಳ್ಳೋದು ಬೇಡ, ಬಾಡಿಗೆಗೆ ತಗೊಂಡು ಒಂದು ಸಲ ಹೋಗಿ ನೋಡಿ ಅನ್ನೋದಾದರೆ ನಾನೂ ಒಪ್ತೀನಿ.

ಕ್ಯಾತ್ಸಂದ್ರದವ
ಎಲ್ಲರಿಗೂ ಧನ್ಯವಾದ. ಮೇಷ್ಟ್ರ ಮಾತು ತಲೆಗೆ ಹೋಯ್ತು, ಮೊದಲು ಬಾಡಿಗೆಗೇ ನೋಡ್ತೀವಿ. ಮನೆಯವರು ಇದನ್ನೆಲ್ಲಾ ಓದಿ ತಾವೇ ಬರೀತೀನಿ ಅಂದರು. ಕೆಳಗಿನದು ಅವರ ಮಾತು.

ನಮಸ್ಕಾರ. ಗೌರಿಬಿದನೂರು ಮಗಳೇ, ನಿಮ್ಮ ಅಮ್ಮನ ವಿಷಯ ಓದಿ ನನಗೂ ಹೊಟ್ಟೆ ಚುರುಕ್ ಅಂತು. ನಮ್ಮಕ್ಕನೂ ಅದೇ ಥರ. ಆದರೆ ನನ್ನ ಕಡೆಯಿಂದಲೂ ಸ್ವಲ್ಪ ಕೇಳಿ. ಅಕ್ಕನ ಮನೆಯಲ್ಲಿ ಕೆಳಗೆ ಒಂದೇ ರೂಮು, ಅಕ್ಕ ಭಾವ ಮಲಗೋದು. ನಾನು ಹೋದರೆ ಅದನ್ನು ನನಗೆ ಬಿಟ್ಟುಕೊಟ್ಟು 68ರ ಅಕ್ಕ ಹಾಲ್‌ನಲ್ಲಿ ಚಾಪೆ ಹಾಸಿಕೊಳ್ಳುತ್ತಾಳೆ. ನನಗೆ ನಿದ್ದೆ ಹೇಗೆ ಬರುತ್ತೆ? ರಾತ್ರಿ ಎರಡು ಸಲ ಬಚ್ಚಲಿಗೆ ಏಳಬೇಕು, ಅವಳನ್ನು ದಾಟಿಕೊಂಡು ಹೋಗಬೇಕು. ಹೀಗಾಗಿ ಒಂದು ರಾತ್ರಿ ಇದ್ದು, ಏನೋ ಕೆಲಸ ಇದೆ ಅಂತ ಹೇಳಿ ಹೊರಟುಬಿಡ್ತೀನಿ. ಗಾಡಿ ಇದ್ದರೆ ಒಂದು ವಾರ ಇರಬಹುದು. ಬೆಳಗ್ಗೆ ಎದ್ದು ಕಾಫಿಗೆ ಒಳಗೆ ಹೋಗ್ತೀನಿ, ಅವಳ ಜೊತೆ ಅವರೆಕಾಯಿ ಸುಲೀತೀನಿ, ರಾತ್ರಿ ಊಟ ಆದ ಮೇಲೆ ಹೊರಗೆ ಬರ್ತೀನಿ. ಒಂದು ರಾತ್ರಿ ಒಳಗೆ ಮಲಗೋದು ದೊಡ್ಡದಾ, ಏಳು ಹಗಲು ಜೊತೆಗಿರೋದು ದೊಡ್ಡದಾ?

ಗೌರಿಬಿದನೂರು ಮಗಳು
ಅಮ್ಮಾ, ಹೀಗೆ ಹೇಳಿದರೆ ಯಾರು ಬೇಡ ಅಂತಾರೆ. ನಮ್ಮ ಚಿಕ್ಕಪ್ಪ ಕಾರಣ ಏನೂ ಹೇಳದೆ ಎದ್ದು ಹೋದರು, ಅದಕ್ಕೇ ಬೇಜಾರು ಬಂದಿದ್ದು. ನೀವು ಫೋನ್‌ನಲ್ಲೇ ಅಕ್ಕನಿಗೆ ಇಷ್ಟೂ ಹೇಳಿಬಿಡಿ. ಆದರೂ ಮೊದಲ ರಾತ್ರಿ ಒಳಗೇ ಮಲಗಿ, ಭಾವ ಅವರನ್ನು ಹಾಲ್‌ಗೆ ಕಳಿಸಿ ಅಕ್ಕ ತಂಗಿ ಒಂದೇ ರೂಮಲ್ಲಿ. ಎರಡನೇ ದಿನದಿಂದ ಗಾಡಿ. ಮತ್ತೆ ಗಾಡಿ ಬೀದಿಯಲ್ಲಿ ನಿಲ್ಲಿಸಬೇಡಿ, ಕಾಂಪೌಂಡ್ ಒಳಗೆ ನಿಲ್ಲಿಸಿ. ಬೀದಿಯಲ್ಲಿದ್ದರೆ ಊರಿಗೆಲ್ಲಾ ಕಾಣುತ್ತೆ, ಒಳಗಿದ್ದರೆ ಅದೂ ಮನೆಯ ಒಂದು ರೂಮೇ.

ತಿಪಟೂರು ತೋಟ
ಇದೇ ಸರಿ. ಊಟ ಮಾತ್ರ ಅವರ ಮನೆಯಲ್ಲೇ ಮಾಡಿ. ಗಾಡಿಯಲ್ಲಿ ಒಲೆ ಹಚ್ಚಿದರೆ ನಾನೂ ಬೇಜಾರು ಮಾಡಿಕೊಳ್ತೀನಿ!

ಇನ್ನೊಂದು ಎಚ್ಚರಿಕೆ. ನಮ್ಮ ಕಡೆ ಬಂದವರನ್ನು ಬರಿಗೈಯಲ್ಲಿ ಕಳಿಸಲ್ಲ. ತೆಂಗಿನಕಾಯಿ ಚೀಲ, ಎಳನೀರು, ಹಲಸು, ಎಲ್ಲಾ ಹೇರುತ್ತಾರೆ. ಗಾಡಿಯಲ್ಲಿ 100 ಲೀಟರ್ ನೀರು ಇದ್ದರೆ ಅದೇ 100 ಕೆ.ಜಿ. ಬ್ಯಾಟರಿ, ಮಂಚ, ಫ್ರಿಜ್ ಬೇರೆ. ಒಟ್ಟು ತೂಕ ಎಷ್ಟಿರಬೇಕು ಅಂತ ಆರ್‌ಸಿಯಲ್ಲಿರುತ್ತೆ, ಅದು ನೆನಪಿರಲಿ. ಭಾರ ಎಲ್ಲಾ ಹಿಂದೆ ಬಿದ್ದರೆ ಸ್ಟೇರಿಂಗ್ ಹಗುರ ಆಗುತ್ತೆ, ಬ್ರೇಕ್ ತಡವಾಗಿ ಹಿಡಿಯುತ್ತೆ.

ಪಾವಗಡ ಸೋಲಾರ್
ಕರೆಂಟ್ ಬಗ್ಗೆ ಯಾರೂ ಮಾತಾಡಿಲ್ಲ. ಬಾಡಿಗೆ ಕೊಡೋರು ‘ಎಸಿ ಇದೆ’ ಅಂತಾರೆ. ಯಾವುದರಲ್ಲಿ ಓಡುತ್ತೆ ಅಂತ ಕೇಳಿ. 12 ವೋಲ್ಟ್, 200 ಎಎಚ್ (ಆಂಪ್-ಗಂಟೆ) ಲಿಥಿಯಂ ಬ್ಯಾಟರಿಯಲ್ಲಿ ಸುಮಾರು ಎರಡೂವರೆ ಯೂನಿಟ್ ಕರೆಂಟ್ ಇರುತ್ತೆ. ಒಂದು ಟನ್ ಎಸಿ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ಎಳೆಯುತ್ತೆ. ಅಂದರೆ ಎರಡು ಗಂಟೆ ಚಿಲ್ಲರೆಗೆ ಖಾಲಿ. ಅದೇ ಫ್ಯಾನ್ ಆದರೆ 30 ವಾಟ್, ರಾತ್ರಿಯೆಲ್ಲಾ ತಿರುಗಿದರೂ ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮೇಲೆ 300 ವಾಟ್ ಪ್ಯಾನಲ್ ಇದ್ದರೆ ನಮ್ಮ ಬಿಸಿಲಿಗೆ ದಿನಕ್ಕೆ ಒಂದು ಯೂನಿಟ್ ಆಸುಪಾಸು ಬರುತ್ತೆ. ಫ್ಯಾನು, ಲೈಟು, ಚಿಕ್ಕ ಫ್ರಿಜ್‌ಗೆ ಅದು ಸಾಕು. ಎಸಿ ಬೇಕಾದರೆ ನಂಟರ ಮನೆಯ 16 ಆಂಪ್ ಪಾಯಿಂಟ್‌ನಿಂದ ವೈರ್ ಎಳೀಬೇಕು, ಅರ್ಥಿಂಗ್ ಸರಿ ಇದೆಯಾ ಅಂತ ನೋಡಿ. ಊರಿನ ಕಡೆ ವೋಲ್ಟೇಜ್ ಸಂಜೆ ಬಿದ್ದು ಹೋಗುತ್ತೆ. ಇಂಡಕ್ಷನ್ ಒಲೆಯನ್ನು ಬ್ಯಾಟರಿಯಲ್ಲಿ ಓಡಿಸೋಕೆ ಹೋಗಬೇಡಿ, 1,500 ವಾಟ್ ಅಂದರೆ 12 ವೋಲ್ಟ್‌ನಲ್ಲಿ 120 ಆಂಪ್ ಮೇಲೆ. ಕಾಫಿಗೆ 5 ಕೆ.ಜಿ. ಸಿಲಿಂಡರ್ ಸಾಕು. ಅದನ್ನು ಗಟ್ಟಿಯಾಗಿ ಕಟ್ಟಿಡಬೇಕು, ಗಾಡಿ ಓಡುವಾಗ ವಾಲ್ವ್ ಬಂದ್ ಮಾಡಬೇಕು.

ಮೇಡಂಗೆ ಇನ್ನೊಂದು ಮಾತು. ಗಾಡಿ ಓಡುವಾಗ ಮಂಚದ ಮೇಲೆ ಮಲಗಬೇಡಿ. ಸೀಟ್‌ನಲ್ಲಿ ಬೆಲ್ಟ್ ಹಾಕಿ ಕೂತುಕೊಳ್ಳಿ.

ಶಿರಾ ಗೇಟ್
ಅದಕ್ಕೇ ಚಳಿಗಾಲದಲ್ಲಿ ಹೋಗಿ. ಡಿಸೆಂಬರ್, ಜನವರಿಗೆ ಎಸಿ ಮಾತೇ ಬೇಡ.

ಶ್ರೀನಿವಾಸಪುರ ಮಾವು
ಚಳಿಗಾಲದಲ್ಲಿ ಬಂದು ನಮ್ಮೂರಲ್ಲಿ ಏನು ನೋಡ್ತೀರಿ? ಮೇ ಕೊನೆ, ಜೂನ್‌ನಲ್ಲಿ ಬನ್ನಿ. ತೋಟದಲ್ಲೇ ಗಾಡಿ ನಿಲ್ಲಿಸಿ, ಮರದ ಕೆಳಗೆ ತಂಪು. ಬಾದಾಮಿ, ಮಲ್ಲಿಕಾ, ತೋತಾಪುರಿ.

ಕೆಎ-40
ಅವರೆಕಾಯಿ ಕಾಲ ಬಿಟ್ಟು ಯಾರಾದರೂ ಚಿಕ್ಕಬಳ್ಳಾಪುರದ ಕಡೆ ಬರ್ತಾರಾ? ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ಬೆಳಗ್ಗೆ ನಂದಿ ಕಡೆ ಮಂಜು. ಆದರೆ ಬೆಟ್ಟಕ್ಕೆ ಶನಿವಾರ, ಭಾನುವಾರ ಹೋಗಲೇಬೇಡಿ, ಜನ ಜಾಸ್ತಿ. ಮೇಲಕ್ಕೆ ಹೋಗದಿದ್ದರೂ ಪರವಾಗಿಲ್ಲ, ಕೆಳಗೆ ನಂದಿ ಊರಿನಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಮಂಡಿ ನೋವಿನವರೂ ನಿಧಾನವಾಗಿ ನೋಡಬಹುದು. ಹತ್ತಿರದಲ್ಲೇ ಮುದ್ದೇನಹಳ್ಳಿ, ವಿಶ್ವೇಶ್ವರಯ್ಯನವರು ಹುಟ್ಟಿದ ಊರು.

ಶ್ರೀನಿವಾಸಪುರ ಮಾವು
ಅವರೆಕಾಯಿ ನಮ್ಮಲ್ಲೂ ಇದೆ ಸ್ವಾಮಿ. ಮಾವು ನಿಮ್ಮಲ್ಲಿ ಇಷ್ಟು ಇದೆಯಾ?

ಮುಳಬಾಗಿಲು ಕಾವಲಿ
ಮುಳಬಾಗಿಲಿಗೆ ಬಂದರೆ ದೋಸೆ ತಿನ್ನದೆ ಹೋಗಬೇಡಿ. ಕುರುಡುಮಲೆ ಗಣೇಶನ ದರ್ಶನ ಮಾಡಿ, ಆಮೇಲೆ ದೋಸೆ.

ಕೆಎ-64 ಮಧುಗಿರಿ
ತಟ್ಟೆ ಇಡ್ಲಿ ಊರಿನವರಿಗೆ ದೋಸೆ ಆಸೆ ತೋರಿಸಬೇಡಿ.

ಸರ್, ದಾರಿಯ ಬಗ್ಗೆ. ಬೆಂಗಳೂರಿಗೆ ಕಾಲಿಡದೆ ನಿಮ್ಮ ಎಲ್ಲಾ ಊರೂ ಮುಗಿಸಬಹುದು. ಮೊದಲು ತಿಪಟೂರು ನೋಡಿ, ಹುಳಿಯಾರಿಗೆ ಬನ್ನಿ. ಅಲ್ಲಿಂದ 69ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ಮೂರೂ ಜಿಲ್ಲೆ ಒಂದೇ ದಾರಿಯಲ್ಲಿ. ಮುಳಬಾಗಿಲಿನಿಂದ ಬೇತಮಂಗಲದ ಮೇಲೆ ಕೆಜಿಎಫ್. ದಿನಕ್ಕೆ 80, 100 ಕಿಲೋಮೀಟರ್‌ಗಿಂತ ಜಾಸ್ತಿ ಓಡಿಸೋ ಅಗತ್ಯವೇ ಇಲ್ಲ. ಕತ್ತಲಾಗೋ ಮುಂಚೆ ನಿಲ್ಲಿಸಿ.

ಕ್ಯಾತ್ಸಂದ್ರದವ
ಇದು ಬಹಳ ಉಪಕಾರ ಆಯ್ತು. ನಾನು ಬೆಂಗಳೂರು, ಹೊಸಕೋಟೆ ಮೇಲೆ ಕೋಲಾರ ಅಂತಲೇ ಯೋಚಿಸ್ತಿದ್ದೆ. ಡಿಸೆಂಬರ್ ಕೊನೆಗೆ ಹೊರಡೋದು ಅಂತ ಮನೆಯವರು ತೀರ್ಮಾನ ಮಾಡಿಬಿಟ್ಟರು, ಅವರೆಕಾಯಿ ಗೆದ್ದಿತು. ನಂಟರು ಇಲ್ಲದ ಕಡೆ ರಾತ್ರಿ ನಿಲ್ಲಿಸೋ ಜಾಗ ಮಾತ್ರ ಇನ್ನೂ ಗೊತ್ತಾಗಿಲ್ಲ.

ಹೂವಿನ ಮಂಟಪ
ನಾನು ಮದುವೆ ಮನೆಗೆ ಹೂವಿನ ಅಲಂಕಾರ ಮಾಡೋನು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಮದುವೆ ಇರಲ್ಲ. ಕಲ್ಯಾಣ ಮಂಟಪ ಎಲ್ಲಾ ಖಾಲಿ. ದೊಡ್ಡ ಅಂಗಳ, ಗೇಟು, ವಾಚ್‌ಮ್ಯಾನ್, ನಲ್ಲಿ, ಕಕ್ಕಸು, ಎಲ್ಲಾ ಇರುತ್ತೆ. ಸಂಜೆ ಹೋಗಿ ಮ್ಯಾನೇಜರ್ ಹತ್ತಿರ ‘ಇಬ್ಬರೇ ವಯಸ್ಸಾದವರು, ಒಂದು ರಾತ್ರಿ ನಿಲ್ಲಿಸಿಕೊಳ್ತೀವಿ’ ಅಂತ ಮರ್ಯಾದೆಯಿಂದ ಕೇಳಿ. ಏನೋ ಸ್ವಲ್ಪ ದುಡ್ಡು ತಗೊಂಡು ಬಿಡ್ತಾರೆ. ಪೆಟ್ರೋಲ್ ಬಂಕ್‌ಗಿಂತ ಸಾವಿರ ಪಾಲು ವಾಸಿ, ಅಲ್ಲಿ ರಾತ್ರಿಯೆಲ್ಲಾ ಲಾರಿ ಸದ್ದು. ಗೊತ್ತಿಲ್ಲದ ಕೆರೆ ಏರಿ, ಗುಡ್ಡ ಬೇಡ.

ಸಿದ್ಧಗಂಗೆ ದಾರಿ
ಎಂಥ ಒಳ್ಳೆ ಉಪಾಯ! ನಾನು ದೇವಸ್ಥಾನದ ಆವರಣ ಅಂತ ಹೇಳೋಣ ಅಂತಿದ್ದೆ, ಇದು ಅದಕ್ಕಿಂತ ಚೆನ್ನಾಗಿದೆ.

ಕೆಜಿಎಫ್ ಮಾರಿಕುಪ್ಪಂ
ಕಮೋಡ್ ತೊಟ್ಟಿ ಎಲ್ಲಿ ಖಾಲಿ ಮಾಡೋದು ಅಂತಲೂ ಮೊದಲೇ ಯೋಚಿಸಿ. ಪೆಟ್ಟಿಗೆ ಥರದ್ದು 20 ಲೀಟರ್ ಇರುತ್ತೆ, ಇಬ್ಬರಿಗೆ ಎರಡು ಮೂರು ದಿನಕ್ಕೆ ತುಂಬುತ್ತೆ. ನಂಟರ ಮನೆಯ ಕಕ್ಕಸಿಗೆ ಸುರಿದು ನೀರು ಹಾಕಿ. ದಯವಿಟ್ಟು ಚರಂಡಿಗೆ, ಕೆರೆಗೆ ಬಿಡಬೇಡಿ. ನಮ್ಮ ಜಿಲ್ಲೆಯಲ್ಲಿ ನೀರು ಕಂಡಿರೋದೇ ಅಪರೂಪ, ಆ ಕೆರೆಗಳಿಗೆ ಇನ್ನಷ್ಟು ಹೊಲಸು ಬೇಡ. ತೊಟ್ಟಿಗೆ ಫಿನಾಯಿಲ್, ಬ್ಲೀಚಿಂಗ್ ಜಾಸ್ತಿ ಹಾಕಿದರೆ ಅವರ ಮನೆ ಸೆಪ್ಟಿಕ್ ಟ್ಯಾಂಕ್ ಕೆಡುತ್ತೆ.

ಪಾವಗಡ ಸೋಲಾರ್
ಕುಡಿಯೋ ನೀರಿಗೂ ಎಚ್ಚರ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುತ್ತೆ, ಕಾಯಿಸಿದರೆ ಹೋಗಲ್ಲ. ಗಾಡಿಯ ಟ್ಯಾಂಕ್ ನೀರು ಪಾತ್ರೆ ತೊಳೆಯೋಕೆ, ಸ್ನಾನಕ್ಕೆ ಮಾತ್ರ. ಊರೂರಲ್ಲೂ ಶುದ್ಧ ಕುಡಿಯುವ ನೀರಿನ ಘಟಕ ಇದೆ, ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳಿ. ಚಿಲ್ಲರೆ ಜೊತೆಯಲ್ಲಿ ಇಟ್ಟುಕೊಂಡಿರಿ.

ತಿಪಟೂರು ತೋಟ
ಎತ್ತರ ನೋಡಿಕೊಳ್ಳಿ ಸರ್. ಟಿಟಿಯೇ ಎರಡೂವರೆ ಮೀಟರ್ ಮೇಲಿರುತ್ತೆ. ಮೇಲೆ ಎಸಿ, ಪ್ಯಾನಲ್ ಕೂತರೆ ಇನ್ನೂ ಎತ್ತರ. ಕೆಲವು ರೈಲ್ವೆ ಅಂಡರ್‌ಪಾಸ್ ಮುಂದೆ ಕಬ್ಬಿಣದ ಅಡ್ಡಪಟ್ಟಿ ಇರುತ್ತೆ. ಹಳ್ಳಿ ಬೀದಿಯಲ್ಲಿ ಸರ್ವಿಸ್ ವೈರ್ ಜೋತುಬಿದ್ದಿರುತ್ತೆ. ಒಟ್ಟು ಎತ್ತರ ಎಷ್ಟು ಅಂತ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿ. ಅನುಮಾನ ಬಂದರೆ ಮನೆಯವರನ್ನು ಇಳಿಸಬೇಡಿ, ಅಲ್ಲಿರೋ ಹುಡುಗರನ್ನು ಕರೆಯಿರಿ.

ಲೆಕ್ಕದ ಮೇಷ್ಟ್ರು
ಗಾಡಿ ತಗೊಳ್ಳುವಾಗಲೇ ನಾಲ್ಕೂ ಕಡೆ ವಿಡಿಯೋ ಮಾಡಿಕೊಳ್ಳಿ. ಹಳೇ ಗೀಚಲು ತೋರಿಸಿ ಆಮೇಲೆ ಡಿಪಾಸಿಟ್ ಹಿಡಿಯೋರು ಇದ್ದಾರೆ. ದಿನಕ್ಕೆ ಎಷ್ಟು ಕಿಲೋಮೀಟರ್ ಮಿತಿ ಅಂತಲೂ ಕೇಳಿ. ಅಕ್ಕನ ಮನೆಯಲ್ಲಿ ಒಂದು ವಾರ ನಿಂತಾಗಲೂ ದಿನದ ಬಾಡಿಗೆ ಓಡ್ತಿರುತ್ತೆ, ಒಂದು ತಿಂಗಳಿಗೆ ಅಂತ ಒಟ್ಟಿಗೆ ಮಾತಾಡಿ.

ಕೆಎ-67
ಚಿಂತಾಮಣಿಯಿಂದ ಕೈವಾರಕ್ಕೆ ಹೋಗೋ ದಾರಿಯಲ್ಲಿ ನಮ್ಮ ರೇಷ್ಮೆ ಶೆಡ್ ಇದೆ. ಈಗ ಹುಳ ಸಾಕ್ತಿಲ್ಲ, ಖಾಲಿ. ಗೇಟು 12 ಅಡಿ ಅಗಲ, ಮೇಲೆ ವೈರ್ ಇಲ್ಲ, 16 ಆಂಪ್ ಪಾಯಿಂಟ್, ಹೊಸ ಅರ್ಥಿಂಗ್. ನಮ್ಮಮ್ಮನಿಗೂ 61, ಮಾತಿಗೆ ಜನ ಬೇಕು ಅಂತಿರುತ್ತಾರೆ. ತುಮಕೂರು ಸರ್, ನಿಮ್ಮ ಗೆಳೆಯರ ಮನೆ ಚಿಂತಾಮಣಿಯಲ್ಲಿ ಯಾವ ಕಡೆ? ಪೇಟೆ ಒಳಗಾದರೆ ಅಲ್ಲಿ ಗಾಡಿ ನಿಲ್ಲಿಸೋಕೆ ಆಗಲ್ಲ, ಇಲ್ಲೇ ನಿಲ್ಲಿಸಿ ಆಟೋದಲ್ಲಿ ಹೋಗಿಬನ್ನಿ. ಮೆಸೇಜ್ ಮಾಡಿ, ಜಾಗ ಕಳಿಸ್ತೀನಿ.